ಹೆರಾಲ್ಡ್ ಕಾರಿನ ಕ್ಲಚ್ ನಾಳ: ತಿರುಪು ಮತ್ತು ದ್ರವಗಳ ಇತಿಹಾಸದಿಂದ ಒಂದು ವಿವೇಚನೆ

ಹಾಸನದಿಂದ ಬೇಲೂರಿಗೆ ಹೋಗುವ ರಸ್ತೆಯಲ್ಲಿ ಹಗರೆ ಗ್ರಾಮವಿದೆ. ಹಳೇಬೀಡಿಗೆ ದಾರಿ ಕವಲೊಡೆಯುವುದೂ ಇಲ್ಲಿಯೇ. ಸುತ್ತಣದು ಆಲೂಗಡ್ಡೆ, ಶುಂಠಿ ಬೆಳೆಯುವ ಸೀಮೆ. ಆದುದರಿಂದ ಟ್ರ್ಯಾಕ್ಟರಿಗೂ ಮಣ್ಣು ತೋಡುವ ಯಂತ್ರಕ್ಕೂ ಬೇಕಾದ ಒತ್ತಡದ ರಬ್ಬರು ನಾಳವನ್ನು ಅಳತೆಗೆ ಕತ್ತರಿಸಿ, ತುದಿಗಳನ್ನು ಅದುಮಿ ಕೊಡುವ ಅಂಗಡಿಗಳು ಈ ಭಾಗದ ಪಟ್ಟಣಗಳಲ್ಲಿ ಅಪರೂಪವಲ್ಲ. ಹಳೆಯದೊಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಕ್ಲಚ್ ನಾಳ ಒಡೆದು ಈ ದಾರಿಯಲ್ಲಿ ನಿಂತಿತೆಂದು ಭಾವಿಸೋಣ. ಮಾಲೀಕನು ಅಂಥ ಅಂಗಡಿಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಹೊಸ ನಾಳವನ್ನು ಮಾಡಿಸಿ ತರಬಹುದು. ನೋಟಕ್ಕೆ ಅದು ಹಳೆಯದಕ್ಕಿಂತ ಗಟ್ಟಿಯಾಗಿಯೇ ಇರುತ್ತದೆ. ಆದರೂ ಅದು ಕೈಕೊಡುವ ಸಂಭವ ಹೆಚ್ಚು. ಇತಿಹಾಸ ವಿಭಾಗದ ಪತ್ರಿಕೆಗೆ ಮೋಟಾರಿನ ನಾಳದಿಂದೇನು ಎಂದು ವಾಚಕರು ಕೇಳಬಹುದು. ಲಿಪಿಯ ಕಾಲವನ್ನರಿಯದೆ ಶಾಸನವನ್ನು ಓದಲು ಹೊರಟವನ ಪಾಡೇ ತಿರುಪಿನ ಕಾಲವನ್ನರಿಯದೆ ನಾಳ ಮಾಡಿಸುವವನಿಗೂ ಒದಗುತ್ತದೆ.

ಹೆರಾಲ್ಡ್ ಕಾರು ಬ್ರಿಟನ್ನಿನಲ್ಲಿ ಟ್ರಯಂಫ್ ಎಂಬ ಹೆಸರಿನಿಂದ 1959ರಲ್ಲಿ ಹೊರಬಂದಿತು. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆಯು ಅದನ್ನು 1961ರಿಂದ ಇಲ್ಲಿ ತಯಾರಿಸತೊಡಗಿತು. 1972ರಲ್ಲಿ ಗಜೆಲ್, 1985ರಲ್ಲಿ ಸ್ಟ್ಯಾಂಡರ್ಡ್ 2000 ಬಂದುವು. ಆ ದಶಕ ಮುಗಿಯುವ ವೇಳೆಗೆ ಕಾರಿನ ತಯಾರಿಕೆಯೇ ನಿಂತುಹೋಯಿತು. ಬ್ರಿಟನ್ನಿನಲ್ಲಿ ಇದರ ಬಿಡಿಭಾಗಗಳು ಇಂದಿಗೂ ದೊರೆಯುತ್ತವೆ. ಅಲ್ಲಿಂದ ತರಿಸಲು ಕಾಯಲಾರದವರು ಇಲ್ಲಿಯೇ ಮಾಡಿಸುತ್ತಾರೆ.

ಇದರ ಕ್ಲಚ್ಚನ್ನು ಬಿಡಿಸುವುದು ತಂತಿಯಲ್ಲ, ದ್ರವ. ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡವು ನಾಳದ ಮೂಲಕ ಸಾಗಿ, ಗೇರುಪೆಟ್ಟಿಗೆಯ ಬಳಿಯಿರುವ ಸ್ಲೇವ್ ಸಿಲಿಂಡರಿನ ಕೊಂತವನ್ನು ತಳ್ಳುತ್ತದೆ. 17ನೆಯ ಶತಮಾನದಲ್ಲಿ ಪಾಸ್ಕಲನು ನಿರೂಪಿಸಿದ ನಿಯಮವೇ ಇದು. ದ್ರವವು ಕುಗ್ಗದು, ಆದರೆ ನಾಳವು ಉಬ್ಬಿದರೆ ಪಾದದ ಚಲನೆಯ ಒಂದಂಶ ಅಲ್ಲಿಯೇ ವ್ಯಯವಾಗಿ, ಕ್ಲಚ್ಚು ಪೂರ್ತಿ ಬಿಡದೆ ಗೇರು ಕಿರುಗುಟ್ಟುತ್ತದೆ. ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಮುದಿ ರಬ್ಬರು ಒಳಗಡೆ ಊದಿ ದಾರಿಯನ್ನು ಕಟ್ಟಿದರೆ, ಮುಂದಕ್ಕೆ ಹೋದ ದ್ರವವು ಸರಾಗವಾಗಿ ಹಿಂದಿರುಗುವುದಿಲ್ಲ; ಪಾದವನ್ನು ತೆಗೆದ ಮೇಲೂ ಕ್ಲಚ್ಚು ಜಾರುತ್ತದೆ. ಹೊರಗಿನಿಂದ ನಾಳ ನಿರ್ದುಷ್ಟವಾಗಿಯೇ ಕಾಣುತ್ತಿರುತ್ತದೆ.

ಇನ್ನು ತಿರುಪಿನ ಮಾತು. ಕಾರ್ಖಾನೆಯವರು ಥ್ರೆಡ್ ಎನ್ನುವ ಸುತ್ತುಗಳಿಗೆ 1841ರಲ್ಲಿ ವಿಟ್‌ವರ್ತನು 55 ಡಿಗ್ರಿಯ ಕೋನವನ್ನು ಸೂಚಿಸಿದನು; ಬ್ರಿಟನ್ ಅದನ್ನು ಅನುಸರಿಸಿತು. ಅಮೆರಿಕವು 60 ಡಿಗ್ರಿಯನ್ನು ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳು ಒಬ್ಬರ ಯಂತ್ರಕ್ಕೆ ಇನ್ನೊಬ್ಬರ ಬೋಲ್ಟು ಕೂಡದೆ ಬಹಳ ಕಷ್ಟಪಟ್ಟುವು. ತತ್ಪರಿಣಾಮವಾಗಿ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾಗಳು 60 ಡಿಗ್ರಿಯ ಏಕೀಕೃತ ಸುತ್ತನ್ನು ಒಪ್ಪಿಕೊಂಡುವು. ಹೆರಾಲ್ಡ್ ಈ ಒಪ್ಪಂದದ ಕೂಸು. ಆದರೆ ಅದು ಮದರಾಸಿನಲ್ಲಿ ಜನಿಸಿದ ಕಾಲದಲ್ಲಿ ನಮ್ಮ ದೇಶವು 1956ರ ತೂಕ ಮತ್ತು ಅಳತೆಗಳ ಕಾಯಿದೆಯಂತೆ ಮೆಟ್ರಿಕ್ ಪದ್ಧತಿಗೆ ಹೊರಳುತ್ತಿದ್ದಿತು. ಹೀಗಾಗಿ ಇಂದಿನ ಅಂಗಡಿಯ ಪೆಟ್ಟಿಗೆಯಲ್ಲಿ ಮೊದಲು ಕೈಗೆ ಸಿಗುವುದು ಮೆಟ್ರಿಕ್ ತುದಿ.

ಅಪಾಯವಿರುವುದು ಇವೆರಡರ ವ್ಯತ್ಯಾಸದಲ್ಲಲ್ಲ, ಸಾಮ್ಯದಲ್ಲಿ. ಆ ಕಾಲದ ಬ್ರಿಟಿಷ್ ನಾಳಗಳಲ್ಲಿ ಸಾಮಾನ್ಯವಾದ 3/8 ಅಂಗುಲದ ತಿರುಪಿನ ವ್ಯಾಸ 9.525 ಮಿಲಿಮೀಟರು, ಅಂಗುಲಕ್ಕೆ 24 ಸುತ್ತು, ಎಂದರೆ ಸುತ್ತಿನಿಂದ ಸುತ್ತಿಗೆ ಸುಮಾರು 1.06 ಮಿಲಿಮೀಟರು. ಮೆಟ್ರಿಕ್ ತಿರುಪಿನದು 10 ಮತ್ತು 1 ಮಿಲಿಮೀಟರು. ಕೋನ ಎರಡಕ್ಕೂ ಒಂದೇ. ಮೆಟ್ರಿಕ್ ರಂಧ್ರದಲ್ಲಿ ಅಂಗುಲದ ತಿರುಪು ಸಡಿಲವಾಗಿ ಕುಳಿತು, ಬಿಗಿಯುವಾಗ ಸುತ್ತುಗಳೇ ಕಿತ್ತುಬರುತ್ತವೆ. ಇದರ ವಿಪರ್ಯಯವು ಒಂದೆರಡು ಸುತ್ತಿಗೆ ಸಿಕ್ಕಿಕೊಂಡು ಸಿಲಿಂಡರನ್ನೇ ಕೆಡಿಸುತ್ತದೆ. ಬೇಲೂರಿನ ನವರಂಗದ ಕಂಬಗಳನ್ನು ಕಡೆದ ಶಿಲ್ಪಿಗಳಿಗೆ ಕಂಬಕ್ಕೊಂದು ಬಗೆಯೆಂಬುದು ಭೂಷಣವಾಗಿದ್ದಿತು. ತಿರುಪಿಗೆ ಆ ಸ್ವಾತಂತ್ರ್ಯವಿಲ್ಲ. ಗೇಜಿನಿಂದ ಅಳೆಯದೆ ಬೆರಳಿನ ಅಂದಾಜನ್ನು ನೆಚ್ಚುವುದು ಸಲ್ಲದು.

ಎರಡನೆಯ ತೊಡಕು ಒಂದು ಪದದಿಂದ ಹುಟ್ಟಿದುದು. ನಮ್ಮ ವರ್ಕ್‌ಶಾಪುಗಳಲ್ಲಿ ಈ ದ್ರವಕ್ಕೆ ‘ಬ್ರೇಕ್ ಆಯಿಲ್’ ಎಂದೇ ಹೆಸರು. ಒಂದು ಕಾಲದಲ್ಲಿ ಹೆಸರು ಸರಿಯಾಗಿಯೇ ಇದ್ದಿತು: ಮೊದಮೊದಲಿನ ದ್ರವಗಳಲ್ಲಿ ಹರಳೆಣ್ಣೆಗೆ ಮದ್ಯಸಾರವನ್ನು ಬೆರೆಸುತ್ತಿದ್ದರು. ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವುದು ಗ್ಲೈಕಾಲ್ ಜಾತಿಯದು, ಎಣ್ಣೆಯಲ್ಲ. ಹೆಸರು ಮಾತ್ರ ಉಳಿದಿದೆ. ಟ್ರ್ಯಾಕ್ಟರಿನ ಒತ್ತಡದ ನಾಳಗಳ ಒಳಪದರವು ಸಾಮಾನ್ಯವಾಗಿ ಖನಿಜ ತೈಲವನ್ನು ತಡೆಯುವ ನೈಟ್ರೈಲ್ ರಬ್ಬರಿನದು. ತೈಲಕ್ಕೆ ಜಗ್ಗದ ಆ ರಬ್ಬರು ಗ್ಲೈಕಾಲಿಗೆ ಊದಿ ಮೆತ್ತಗಾಗುತ್ತದೆ. ಆಯಿಲ್ ಎಂಬ ಮಾತನ್ನು ನಂಬಿ ಆಯಿಲ್ ನಾಳವನ್ನು ಕತ್ತರಿಸಿ ಕೊಟ್ಟ ಅಂಗಡಿಯವನನ್ನು ದೂರುವುದು ನ್ಯಾಯವಲ್ಲ. ದ್ರವ ಯಾವುದೆಂದು ಬಿಡಿಸಿ ಹೇಳುವುದು ಮಾಡಿಸುವವನ ಕರ್ತವ್ಯ. ಇ.ಪಿ.ಡಿ.ಎಂ. ರಬ್ಬರಿನ ಅಥವಾ ಟೆಫ್ಲಾನಿನ ಒಳಪದರವನ್ನು, ಟೆಫ್ಲಾನಾದರೆ ಮೇಲೆ ತುಕ್ಕು ಹಿಡಿಯದ ಉಕ್ಕಿನ ಹೆಣಿಗೆಯನ್ನು ಕೇಳಿ ಪಡೆಯಬೇಕು. ಈಚಿನ ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ದ್ರವದ ಕುಡಿಕೆ ಒಂದೇ ಆಗಿರುವುದರಿಂದ, ಅಲ್ಲಿ ಈ ಎಚ್ಚರಿಕೆಯು ಪ್ರಾಣಕ್ಕೇ ಸಂಬಂಧಿಸಿದುದು.

ಗಡಸು ಕೊಳವೆಯ ಭಾಗಕ್ಕೆ ಫ್ರಿಜ್ಜಿನ ತಾಮ್ರದ ನಳಿಕೆಯನ್ನು ಬಳಸುವ ರೂಢಿ ಅಲ್ಲಲ್ಲಿ ಉಂಟು. ಶುದ್ಧ ತಾಮ್ರವು ಅದಿರಾಟದಿಂದ ಗಡಸಾಗಿ ಬಿರಿಯುತ್ತದೆ; 90 ಪಾಲು ತಾಮ್ರಕ್ಕೆ 10 ಪಾಲು ನಿಕ್ಕಲ್ ಬೆರೆತ ಕೊಳವೆ ಉತ್ತಮ. ಮೆದು ನಾಳದ ಉದ್ದವನ್ನು ಎಂಜಿನ್ ನಿಂತಿರುವಾಗ ಅಳೆದರೆ ಸಾಲದು. ಎಂಜಿನ್ ರಬ್ಬರಿನ ಆಸರೆಯ ಮೇಲೆ ಅಲುಗುವುದರಿಂದ ಆ ಅಲುಗಾಟಕ್ಕೆ ಎಡೆಯಿರಬೇಕು. ಹೊಗೆಕೊಳವೆಯ ಬಿಸಿಯಿಂದ ನಾಳವು ದೂರವಿರಬೇಕು, ಬಿಗಿಯುವಾಗ ತಿರುಚಿಕೊಳ್ಳಬಾರದು.

ಜೋಡಿಸಿದ ಮೇಲೆ ಹೊಸ ದ್ರವವನ್ನು ತುಂಬಿ, ಸ್ಲೇವ್ ಸಿಲಿಂಡರಿನ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಗೆ ಬಿಡಬೇಕು. ಈ ದ್ರವ ಕಾರಿನ ಬಣ್ಣವನ್ನು ತಿನ್ನುವುದರಿಂದ ಚೆಲ್ಲಿದ ಕೂಡಲೇ ನೀರಿನಿಂದ ತೊಳೆಯುವುದು ಅವಶ್ಯ. ಅನಂತರ ಒಬ್ಬರು ಪೆಡಲನ್ನು ಕೆಲವು ನಿಮಿಷ ಬಲವಾಗಿ ಒತ್ತಿ ಹಿಡಿದಿರಲು, ಮತ್ತೊಬ್ಬರು ಪ್ರತಿಯೊಂದು ಕೂಡುಗೂಡನ್ನೂ ಒಣಬಟ್ಟೆಯಿಂದ ಒರೆಸಿ ತೇವವಿದೆಯೇ ಎಂದು ನೋಡತಕ್ಕದ್ದು.