ಆಫ್ರಿಕಾದವರು ಅಂದರೆ ಯಾರು?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಾವೆಲ್ಲ ಇದನ್ನು ಉರು ಹೊಡೆದಿರುತ್ತೇವೆ: 2023ರ ದೆಹಲಿ ಶೃಂಗಸಭೆಯಲ್ಲಿ ಜಿ-20 ಸೇರಿದ್ದು ಆಫ್ರಿಕಾ ಒಕ್ಕೂಟ, ಅದರ ಸದಸ್ಯ ರಾಷ್ಟ್ರಗಳು 55. ಆ ಪಟ್ಟಿಯಲ್ಲಿ ಈಜಿಪ್ಟ್, ಅಲ್ಜೀರಿಯಾ, ಮೊರಾಕೊ ಕೂಡ ಇವೆ ಎಂದರೆ ಶ್ರೀರಾಂಪುರದ ನನ್ನ ಗೆಳೆಯರು ‘ಅವರು ಅರಬ್ಬರಲ್ವೇನೋ?’ ಎನ್ನುತ್ತಾರೆ.

ಈ ಪ್ರಶ್ನೆ ಆಫ್ರಿಕಾದಲ್ಲೂ ಹಳೆಯದೇ. ಇಡೀ ಖಂಡ ಒಂದಾಗಬೇಕೆಂದು ಹೋರಾಡಿದ ಘಾನಾದ ಕ್ವಾಮೆ ಎನ್‌ಕ್ರುಮಾ ಸಹಾರಾ ಮರುಭೂಮಿಯನ್ನು ಗಡಿಯೆಂದು ಒಪ್ಪಲಿಲ್ಲ. 1957ರಲ್ಲಿ ಅವರು ಮದುವೆಯಾದದ್ದೂ ಈಜಿಪ್ಟಿನ ಹೆಣ್ಣುಮಗಳನ್ನು. ನೆಲ್ಸನ್ ಮಂಡೇಲಾ 1962ರಲ್ಲಿ ಶಸ್ತ್ರ ತರಬೇತಿ ಪಡೆದದ್ದು ಮೊರಾಕೊದಲ್ಲಿ ಬೀಡುಬಿಟ್ಟಿದ್ದ ಅಲ್ಜೀರಿಯಾದ ಹೋರಾಟಗಾರರ ಹತ್ತಿರ. 1969ರಲ್ಲಿ ಇಡೀ ಖಂಡದ ಸಾಂಸ್ಕೃತಿಕ ಉತ್ಸವ ನಡೆದದ್ದು ಅಲ್ಜೀರ್ಸ್‌ನಲ್ಲಿ. ಹೀಗೆ ಹೆಗಲು ಕೊಟ್ಟವರನ್ನು ಹೊರಗಿನವರು ಎನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಹಾಗೆಂದು ಎಲ್ಲವೂ ಸಲೀಸಾಗಿರಲಿಲ್ಲ. ಅರಬ್ ವ್ಯಾಪಾರಿಗಳು ಶತಮಾನಗಳ ಕಾಲ ಕಪ್ಪು ಜನರನ್ನು ಗುಲಾಮರಾಗಿ ಮಾರಿದ ನೆನಪು ಅಳಿಸಿಲ್ಲ. ಇನ್ನು ಉತ್ತರ ಆಫ್ರಿಕಾದಲ್ಲಿ ಅರಬ್ಬರಿಗಿಂತ ಮೊದಲಿನಿಂದಲೂ ಇರುವ ಅಮಾಜಿಗ್ ಜನರ ಕಥೆಯೇ ಬೇರೆ. ಸ್ವಾತಂತ್ರ್ಯ ಬಂದಮೇಲೆ ಅಲ್ಜೀರಿಯಾ ಅರಬ್ಬಿಯೊಂದನ್ನೇ ರಾಷ್ಟ್ರಭಾಷೆ ಮಾಡಿತು. 1980ರಲ್ಲಿ ಲೇಖಕ ಮೌಲೂದ್ ಮಾಮ್ಮೆರಿ ತಮ್ಮ ಜನರ ಹಳೆಯ ಕಾವ್ಯದ ಬಗ್ಗೆ ಕೊಡಬೇಕಿದ್ದ ಉಪನ್ಯಾಸವನ್ನೇ ಸರ್ಕಾರ ತಡೆಯಿತು. ವಿದ್ಯಾರ್ಥಿಗಳು ಬೀದಿಗಿಳಿದರು. ಅವರ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು ಮೊರಾಕೊದಲ್ಲಿ 2011ಕ್ಕೆ, ಅಲ್ಜೀರಿಯಾದಲ್ಲಿ 2016ಕ್ಕೆ. (ತುಳು, ಕೊಡವ ಭಾಷೆಯವರ ಬೇಡಿಕೆ ಕೇಳಿ ಗೊತ್ತಿರುವ ನಮಗೆ ಇದು ತೀರಾ ಹೊಸ ಕಥೆಯಲ್ಲ.)

ಅಲ್ಲಿ ಬಿಳಿಚಿಕೊಂಡ ಮೈಬಣ್ಣದವರನ್ನು ‘ನೀವು ಆಫ್ರಿಕಾದವರಲ್ಲ’ ಎನ್ನುತ್ತಾರೆ. ನಮ್ಮಲ್ಲಿ ಇದೇ ತಪ್ಪು ತಿರುಗುಮುರುಗಾಗಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾದ ಕಾಡಂಚಿನ ಸಿದ್ದಿಗಳ ಪೂರ್ವಿಕರನ್ನು ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳು ಆಫ್ರಿಕಾದಿಂದ ತಂದರು. ಗೋವಾದ ಕಡೆಯಿಂದ ತಪ್ಪಿಸಿಕೊಂಡವರು ನಮ್ಮ ಕಾಡು ಸೇರಿದರು. ಇವತ್ತು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ನಮ್ಮ ಹಾಗೇ ಕನ್ನಡ ಮಾತಾಡುತ್ತಾರೆ. ಆದರೂ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದ ಸಿದ್ದಿ ಹುಡುಗನಿಗೆ ‘ಯಾವ ದೇಶ?’ ಎಂಬ ಪ್ರಶ್ನೆ ತಪ್ಪುವುದಿಲ್ಲ, ಅದೂ ಇಂಗ್ಲಿಷಿನಲ್ಲಿ. ಅವನು ಅಚ್ಚ ಕನ್ನಡದಲ್ಲಿ ಉತ್ತರ ಕೊಟ್ಟರೆ ಕೇಳಿದವರಿಗೇ ಗಾಬರಿ.

ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ. ನಮ್ಮ ನೋಟ್ಸ್‌ನಲ್ಲಿ ಜಿ-20ರ ಪಕ್ಕ ಈ ಎರಡು ಇಸವಿಗಳಿಗೂ ಜಾಗವಿದೆ.