‘ಕೈಗೆ ಬಂತೇನಮ್ಮಾ?’

ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಬೆಂಚಿನಲ್ಲಿ ಪತ್ರ ಬರೆಯಲು ಕೂತು ಮೂವತ್ತೊಂದು ವರ್ಷವಾಯಿತು. ಬರೆದದ್ದನ್ನು ಓದಿ ಹೇಳುವಾಗ ಜನ ಚಕ್ಕುಬಂದಿಗೆ ಕಿವಿಗೊಡುತ್ತಾರೆ, ಗುಂಟೆ ಲೆಕ್ಕಕ್ಕೆ ಕಿವಿಗೊಡುತ್ತಾರೆ. ‘ಯಾರ ಬಲವಂತವೂ ಇಲ್ಲದೆ, ಪ್ರತಿಫಲ ಪಡೆದು, ಸ್ವಸಂತೋಷದಿಂದ’ ಎಂಬ ಸಾಲು ಬರುವ ಹೊತ್ತಿಗೆ ಸಹಿ ಎಲ್ಲಿ ಹಾಕಬೇಕೆಂದು ಕೇಳುತ್ತಾರೆ. ನಾನು ಸಾಕ್ಷಿ ಹೇಳಲು ಕೋರ್ಟಿಗೆ ಹೋದಾಗಲೆಲ್ಲ ವಕೀಲರು ಕೆದಕಿದ್ದು ಆ ಸಾಲನ್ನೇ.

ಹೋದ ಶ್ರಾವಣದಲ್ಲಿ ಒಬ್ಬ ಹೆಣ್ಣುಮಗಳನ್ನು ಇಬ್ಬರು ಅಣ್ಣಂದಿರು ಕರೆತಂದರು. ತಂದೆಯ ಜಮೀನಿನಲ್ಲಿ ಅವಳ ಭಾಗಕ್ಕೆ ಹಕ್ಕು ಬಿಡುಗಡೆ ಪತ್ರ ಆಗಬೇಕಿತ್ತು.

“ಅರಿಶಿನ ಕುಂಕುಮಕ್ಕೆ ಎಷ್ಟು ಬರೀಲಿ?”

“ಐವತ್ತು ಸಾವಿರ ಹಾಕಿ ಸ್ವಾಮಿ” ಎಂದ ದೊಡ್ಡವನು.

“ಕೈಗೆ ಬಂತೇನಮ್ಮಾ?” ಎಂದು ಅವಳನ್ನು ಕೇಳಿದೆ. ಅವಳು ಅಣ್ಣನ ಮುಖ ನೋಡಿದಳು. ನಾನು ಬರೆಯಲಿಲ್ಲ.

ಆ ದುಡ್ಡಿಗೇ ಕಾನೂನಿನಲ್ಲಿ ಪ್ರತಿಫಲ ಎನ್ನುವುದು. 1872ರ ಭಾರತೀಯ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಪ್ರತಿಫಲವಿಲ್ಲದ ಒಪ್ಪಂದ ಅಸಿಂಧು. ಜಗಲಿಯ ಮೇಲೆ ಕೂತು “ನಿನಗೊಂದು ಸೈಟು ಕೊಡಿಸ್ತೀನಿ” ಎಂದ ಸೋದರಮಾವನ ಮಾತನ್ನು ಕೋರ್ಟು ನಡೆಸಿಕೊಡುವುದಿಲ್ಲ. ವಿನಾಯಿತಿಗಳೂ ಉಂಟು. ಕಳೆದ ಹಣದ ಚೀಲ ತಂದುಕೊಟ್ಟವನಿಗೆ 50 ರೂಪಾಯಿ ಕೊಡುತ್ತೇನೆಂದರೆ ಅದು ಕರಾರೇ. ವಾಯಿದೆ ಮೀರಿದ ಸಾಲ ತೀರಿಸುತ್ತೇನೆಂದು ಬರೆದು ಸಹಿ ಹಾಕಿದರೂ ಕರಾರೇ. ಹತ್ತಿರದ ಸಂಬಂಧಿಗೆ ಪ್ರೀತಿಯಿಂದ ಬರೆದು ನೋಂದಣಿ ಮಾಡಿಸಿದ ಮಾತೂ ನಿಲ್ಲುತ್ತದೆ. ಆದರೆ ಪ್ರೀತಿ ನಿಜಕ್ಕೂ ಇರಬೇಕು. ಕಲ್ಕತ್ತೆಯ ಒಬ್ಬ ಗಂಡ ಹೆಂಡತಿಗೆ ಜೀವನಾಂಶ ಕೊಡುವುದಾಗಿ ನೋಂದಣಿ ಪತ್ರ ಬರೆದುಕೊಟ್ಟಿದ್ದ. ಇಬ್ಬರ ಜಗಳವೂ ಅದೇ ಪತ್ರದಲ್ಲಿ ದಾಖಲಾಗಿತ್ತು. ಇದರಲ್ಲಿ ಪ್ರೀತಿ ಕಾಣುತ್ತಿಲ್ಲವೆಂದು 1900ರಲ್ಲಿ ಹೈಕೋರ್ಟು ಅವಳ ದಾವೆಯನ್ನು ತಳ್ಳಿಹಾಕಿತು. ಆ ಹೆಂಗಸನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಪ್ರತಿಫಲ ಎಷ್ಟಿರಬೇಕು? ಕಾಯ್ದೆಯೇ ಒಂದು ಕುದುರೆಯ ಉದಾಹರಣೆ ಕೊಡುತ್ತದೆ. ಸಾವಿರ ರೂಪಾಯಿಯ ಕುದುರೆಯನ್ನು ಒಬ್ಬ ಮನಸಾರೆ ಹತ್ತು ರೂಪಾಯಿಗೆ ಮಾರಲು ಒಪ್ಪಿದರೆ ಆ ಕರಾರು ಊರ್ಜಿತ. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಅದು ಬೀಳದು. ಆದರೆ ಅವನು “ನಾನು ಮನಸಾರೆ ಒಪ್ಪಿರಲಿಲ್ಲ” ಎಂದರೆ, ಆ ಹತ್ತು ರೂಪಾಯಿಯನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೆಣ್ಣುಮಕ್ಕಳ ಪತ್ರಗಳ ವಿಷಯದಲ್ಲಿ ನನ್ನ ಜೀವ ಹಿಡಿದುಕೊಳ್ಳುವುದು ಇಲ್ಲೇ.

ಬಲವಂತವೆಂದರೆ ಮಚ್ಚು ತೋರಿಸುವುದಷ್ಟೇ ಅಲ್ಲ. ಮದರಾಸು ಹೈಕೋರ್ಟಿನ ಮುಂದೆ 1889ರಲ್ಲಿ ಹದಿಮೂರು ವರ್ಷದ ವಿಧವೆಯ ಮೊಕದ್ದಮೆ ಬಂತು. ದತ್ತು ತೆಗೆದುಕೊಳ್ಳುವವರೆಗೆ ಗಂಡನ ಹೆಣ ಎತ್ತಗೊಡುವುದಿಲ್ಲವೆಂದು ಬಂಧುಗಳು ಅಡ್ಡ ನಿಂತಿದ್ದರು. ಕೋರ್ಟು ಆ ದತ್ತನ್ನು ರದ್ದು ಮಾಡಿತು. 1917ರಲ್ಲಿ ಅದೇ ಕೋರ್ಟಿಗೆ ಬಂದದ್ದು ಹಕ್ಕು ಬಿಡುಗಡೆ ಪತ್ರ. ಪ್ರಾಣ ಕಳೆದುಕೊಳ್ಳುತ್ತೇನೆಂದು ಗಂಡ ಹೆದರಿಸಿ, ಹೆಂಡತಿ ಮತ್ತು ಮಗನಿಂದ ತನ್ನ ಸೋದರನ ಹೆಸರಿಗೆ ಬರೆಸಿಕೊಟ್ಟಿದ್ದ. ನ್ಯಾಯಮೂರ್ತಿಗಳಲ್ಲಿ ಬಹುಮತದವರು ಅದನ್ನೂ ಬಲವಂತವೆಂದರು. ಹೆದರಿಕೆಯ ಮಾತೇ ಇಲ್ಲದಿದ್ದರೂ, ಒಬ್ಬರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದು ಅದನ್ನು ಬಳಸಿಕೊಂಡರೆ 16ನೇ ಕಲಮು ಅದಕ್ಕೆ ಅನುಚಿತ ಪ್ರಭಾವ ಎನ್ನುತ್ತದೆ. ಇಂಥ ಪತ್ರ ತಾನಾಗಿ ಬೀಳುವುದಿಲ್ಲ, ಬರೆದುಕೊಟ್ಟವರೇ ರದ್ದುಪಡಿಸಲು ಕೇಳಬೇಕು. ಬರೆದುಕೊಟ್ಟವರು ಹದಿನೆಂಟು ತುಂಬದವರಾದರೆ ಅವರ ಕರಾರು ಮೊದಲಿನಿಂದಲೇ ಅಸಿಂಧು. 1903ರಲ್ಲಿ ಪ್ರಿವಿ ಕೌನ್ಸಿಲ್ ಹಾಗೆಂದು ತೀರ್ಪು ಕೊಟ್ಟಿದೆ.

ಅಣ್ಣಂದಿರು ಬೇರೆ ಕಡೆ ಬರೆಸಿದರು. ಎರಡು ವಾರದ ಮೇಲೆ ಅವಳೊಬ್ಬಳೇ ನಕಲು ಹಿಡಿದು ಬಂದಳು. ಐವತ್ತು ಸಾವಿರ ಮುಟ್ಟಿದೆ ಎಂದು ಅದರಲ್ಲಿತ್ತು. “ಒಂದು ರೂಪಾಯೂ ಕೊಟ್ಟಿಲ್ಲ. ಬರಕೊಡದೇ ಇದ್ರೆ ತವರಿಗೆ ಕಾಲಿಡಬೇಡ ಅಂದ್ರು ಸ್ವಾಮಿ.” ಮುಟ್ಟಿಲ್ಲವೆಂದು ಸಾಬೀತು ಮಾಡುವ ಹೊರೆ ಈಗ ಅವಳ ತಲೆಯ ಮೇಲಿದೆ. ಪತ್ರ ರದ್ದಿಗೆ ದಾವೆ ಹಾಕಲು ಮೂರು ವರ್ಷದ ಗಡುವಿದೆ, ತಡಮಾಡಬೇಡ ಎಂದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆಂದೂ ಹೇಳಿ, ಕೋರ್ಟಿನ ದಾರಿ ಬರೆದುಕೊಟ್ಟೆ.

ಚೀಟಿ ಮಡಿಸಿ ಸೆರಗಿಗೆ ಕಟ್ಟಿಕೊಂಡಳು. ನಕಲನ್ನು ಮತ್ತೆ ನನ್ನ ಕೈಗಿಟ್ಟು, “ಆ ಸ್ವಸಂತೋಷದ ಸಾಲು ಎಲ್ಲೈತೆ, ಅದೊಂದು ಓದಿ” ಎಂದಳು.