ಚೆಂಡು ಹೋಯ್ತು, ಗುಂಡಿ ಉಳಿಯಿತು



ಈ ಸಲ ನಾನು ಕಥೆ ಬರೆದಿಲ್ಲ. ಒಂದು ಲೆಕ್ಕದ ಬಗ್ಗೆ ಬರೆದಿದ್ದೇನೆ. ಲೆಕ್ಕ ಅಂದ ಕೂಡಲೇ ಪಕ್ಕದ ಹಾಳೆಯ ಹಾಸ್ಯಕ್ಕೆ ಹೋಗಬೇಡಿ. ಇದರಲ್ಲಿ ಕೆರೆ ಇದೆ, ಚೆಂಡು ಇದೆ, ಸ್ವಲ್ಪ ಜಗಳವೂ ಇದೆ.

ಈ ಲೆಕ್ಕವನ್ನು 1987ರಲ್ಲಿ ಅಮೆರಿಕ ದೇಶದ ಹೈಸ್ಕೂಲು ಮಕ್ಕಳ ಗಣಿತ ಸ್ಪರ್ಧೆಯಲ್ಲಿ ಕೇಳಿದ್ದರು. ನಮ್ಮ ಗಣಿತ ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಬರೆದು, "ಒಬ್ಬೊಬ್ಬರೇ ಬೇಡ, ಎಲ್ಲರೂ ಸೇರಿ ಬಿಡಿಸಿ. ಉತ್ತರ ಹೇಳಿದರೆ ಸಾಲದು, ಅದೇ ಉತ್ತರ ಯಾಕೆ ಅಂತಲೂ ಹೇಳಬೇಕು" ಎಂದರು.

ಲೆಕ್ಕ ಹೀಗಿದೆ: ಒಂದು ಕೆರೆಯಲ್ಲಿ ಚೆಂಡು ತೇಲುತ್ತಿತ್ತು. ಚಳಿಗೆ ಕೆರೆಯ ನೀರು ಹೆಪ್ಪುಗಟ್ಟಿತು. ಮಂಜುಗಡ್ಡೆ ಒಡೆಯದ ಹಾಗೆ ಚೆಂಡನ್ನು ಮೇಲಕ್ಕೆ ತೆಗೆದರು. ಅಲ್ಲಿ ಒಂದು ಗುಂಡಿ ಉಳಿಯಿತು. ಗುಂಡಿಯ ಬಾಯಿಯ ಅಗಲ 24 ಸೆಂ.ಮೀ., ಆಳ 8 ಸೆಂ.ಮೀ. ಹಾಗಾದರೆ ಚೆಂಡಿನ ತ್ರಿಜ್ಯ ಎಷ್ಟು?

ಕೆರೆ ಹೆಪ್ಪುಗಟ್ಟುವುದುಂಟೇ ಎಂದು ನಿಮಗೆ ಅನಿಸಬಹುದು. ನಮ್ಮ ಕಡೆ ಇಲ್ಲ. ಆದರೆ ಕಾಶ್ಮೀರದ ಶ್ರೀನಗರದಲ್ಲಿರುವ ದಾಲ್ ಸರೋವರ ಚಳಿ ಬಹಳ ಹೆಚ್ಚಾದ ವರ್ಷಗಳಲ್ಲಿ ಹೆಪ್ಪುಗಟ್ಟುತ್ತದೆ. 2021ರ ಜನವರಿಯಲ್ಲಿ ಹಾಗೆ ಆಗಿತ್ತು. ಸಿಹಿನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಭಾರವಾಗಿರುತ್ತದೆ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆಯೇ ನಿಲ್ಲುತ್ತದೆ, 0 ಡಿಗ್ರಿಗೆ ಬಂದಾಗ ಗಡ್ಡೆಯಾಗುತ್ತದೆ. ಆದ್ದರಿಂದ ಮೊದಲು ಹೆಪ್ಪುಗಟ್ಟುವುದು ಮೇಲಿನ ಪದರ. ಕೆಳಗೆ ನೀರು ನೀರಾಗಿಯೇ ಇರುತ್ತೆ, ಮೀನುಗಳೂ ಬದುಕಿರುತ್ತವೆ. ತೇಲುತ್ತಿದ್ದ ಚೆಂಡು ಇದ್ದ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆದರೆ ಗುಂಡಿಯಲ್ಲಿ ಅದರ ಅಚ್ಚು ಉಳಿಯುತ್ತದೆ.

ಈಗ ಜಗಳಕ್ಕೆ ಬರೋಣ. ಒಂದು ಗುಂಪು, "ಅಗಲ 24, ಅದರ ಅರ್ಧ 12. ತ್ರಿಜ್ಯ 12, ಮುಗೀತು" ಎಂದಿತು. ಇನ್ನೊಂದು ಗುಂಪು, "ಇಲ್ಲ, ಆಳವೇ ತ್ರಿಜ್ಯ, 8" ಎಂದಿತು. ಎರಡೂ ಗುಂಪಿನವರು ಜೋರಾಗಿ ಕೂಗಿದರು. ಆಗ ತರಗತಿಯಲ್ಲಿ ಹೆಚ್ಚು ಮಾತನಾಡದ ಒಬ್ಬಳು ಬಿಸಿಯೂಟದ ಅಡುಗೆಮನೆಯಿಂದ ಒಂದು ನಿಂಬೆಹಣ್ಣು ತಂದು, ಅಡುಗೆ ಅಮ್ಮನ ಹತ್ತಿರ ಕೊಯ್ಯಿಸಿದಳು. ನಡುವಿಗೆ ಅಲ್ಲ, ತುದಿಯ ಹತ್ತಿರ. "ನೋಡಿ, ಈ ಬಿಲ್ಲೆಯ ಅಗಲ ಹಣ್ಣಿನ ಅಗಲ ಅಲ್ಲ. ನಡುವಿಗೆ ಕೊಯ್ದರೆ ಮಾತ್ರ ಪೂರ್ತಿ ಅಗಲ ಸಿಗೋದು" ಎಂದಳು.

ಅವಳ ಮಾತಿನಿಂದ ಎರಡು ಉತ್ತರವೂ ಬಿದ್ದುಹೋದವು. ಹೇಗೆಂದರೆ, ತ್ರಿಜ್ಯ 8 ಆದರೆ ಇಡೀ ಚೆಂಡಿನ ಅಗಲವೇ 16. ಅದು 24 ಅಗಲದ ಗುಂಡಿ ಮಾಡಲಾರದು. ತ್ರಿಜ್ಯ 12 ಆದರೆ ಗುಂಡಿಯ ಬಾಯಿ ಚೆಂಡಿನ ನಡುವಿನಲ್ಲೇ ಇದೆ ಎಂದರ್ಥ. ಆಗ ಆಳವೂ 12 ಇರಬೇಕಿತ್ತು. ಇರುವುದು 8 ಮಾತ್ರ. ಅಂದರೆ ಚೆಂಡು ಅರ್ಧಕ್ಕಿಂತ ಕಡಿಮೆ ಮುಳುಗಿತ್ತು, ಅದರ ಕೇಂದ್ರ ನೀರಿನ ಮಟ್ಟಕ್ಕಿಂತ ಮೇಲಿತ್ತು. ಗಡ್ಡೆ ಒಡೆಯದೆ ಚೆಂಡು ಹೊರಬಂದದ್ದೂ ಇದೇ ಕಾರಣಕ್ಕೆ. ಅರ್ಧಕ್ಕಿಂತ ಹೆಚ್ಚು ಮುಳುಗಿದ್ದರೆ ಗುಂಡಿಯ ಬಾಯಿ ಚೆಂಡಿಗಿಂತ ಚಿಕ್ಕದಾಗಿ, ಚೆಂಡು ಒಳಗೇ ಉಳಿಯುತ್ತಿತ್ತು.

ಈಗ ನೀವೂ ಒಂದು ಕಾಗದ ತೆಗೆದುಕೊಳ್ಳಿ. ಒಂದು ವೃತ್ತ ಬರೆಯಿರಿ. ಅದು ಮೇಲಿಂದ ಕೆಳಕ್ಕೆ ಸರಿಯಾಗಿ ಅರ್ಧ ಕೊಯ್ದ ಚೆಂಡು. ಕೇಂದ್ರದ ಕೆಳಗೆ ಒಂದು ಅಡ್ಡಗೆರೆ ಎಳೆಯಿರಿ. ಅದು ನೀರಿನ ಮಟ್ಟ, ಅದರ ಉದ್ದ 24. ಕೇಂದ್ರದಿಂದ ನೇರ ಕೆಳಕ್ಕೆ, ಗುಂಡಿಯ ತಳದವರೆಗೆ ಒಂದು ಗೆರೆ ಎಳೆಯಿರಿ. ಅದು ತ್ರಿಜ್ಯ. ಅದೇ ಕೇಂದ್ರದಿಂದ ಗುಂಡಿಯ ಅಂಚಿಗೆ ಇನ್ನೊಂದು ಗೆರೆ ಎಳೆಯಿರಿ. ಅದೂ ತ್ರಿಜ್ಯವೇ! ಇಡೀ ಲೆಕ್ಕದ ಗುಟ್ಟು ಇಲ್ಲಿದೆ. ಚೆಂಡಿನ ಮೈಮೇಲಿನ ಯಾವ ಜಾಗಕ್ಕೆ ಹೋದರೂ ಕೇಂದ್ರದಿಂದ ದೂರ ಒಂದೇ.

ಈಗ ಚಿತ್ರದಲ್ಲಿ ಒಂದು ಲಂಬಕೋನ ತ್ರಿಭುಜ ಕಾಣುತ್ತದೆ. ಅದರ ಅಡ್ಡಬಾಹು 12. ನಿಂತಿರುವ ಬಾಹು, ತ್ರಿಜ್ಯದಲ್ಲಿ 8 ಕಳೆದಷ್ಟು. ಓರೆಯಾಗಿರುವ ವಿಕರ್ಣವೇ ತ್ರಿಜ್ಯ. ಪೈಥಾಗೊರಸ್ ಪ್ರಮೇಯದ ಪ್ರಕಾರ ಎರಡು ಬಾಹುಗಳ ವರ್ಗ ಕೂಡಿದರೆ ವಿಕರ್ಣದ ವರ್ಗ ಬರಬೇಕು.

ನಾವು ಒಂದೊಂದೇ ಸಂಖ್ಯೆ ಹಾಕಿ ನೋಡಿದೆವು. ತ್ರಿಜ್ಯ 13 ಎಂದುಕೊಳ್ಳಿ. 13ರಲ್ಲಿ 8 ಕಳೆದರೆ 5. 5ರ ವರ್ಗ 25, 12ರ ವರ್ಗ 144, ಕೂಡಿದರೆ 169. 13ರ ವರ್ಗವೂ 169! ಎಲ್ಲರೂ ಚಪ್ಪಾಳೆ ತಟ್ಟಿದರು.

ಆದರೆ ನಮ್ಮ ಗುಂಪಿನ ಒಬ್ಬ ಒಪ್ಪಲಿಲ್ಲ. "13 ಸರಿಹೋಯ್ತು, ಸರಿ. ಬೇರೆ ಸಂಖ್ಯೆ ಸರಿಹೋಗಲ್ಲ ಅಂತ ಹೇಗೆ ಹೇಳ್ತೀರಾ? ಹದಿನಾಲ್ಕೂವರೆ ಇರಬಹುದಲ್ಲ? ಎಷ್ಟು ಅಂತ ಹಾಕಿ ನೋಡ್ತೀರಾ?" ಎಂದ. ಕೆಲವರು ಅವನನ್ನು ನೋಡಿ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. "ಅವನು ಕೇಳಿದ್ದೇ ನಿಜವಾದ ಗಣಿತ. ಅವನಿಗೆ ಉತ್ತರ ಕೊಡುವವರೆಗೆ ಲೆಕ್ಕ ಮುಗಿದಿಲ್ಲ" ಎಂದರು.

ಅವನಿಗೆ ಉತ್ತರ ಕೊಟ್ಟದ್ದು ಕತ್ತರಿ ಮತ್ತು ಕಾಗದ. ತ್ರಿಜ್ಯದಷ್ಟು ಬಾಹು ಇರುವ ಒಂದು ಚೌಕ ಮಾಡಿ. ಅದರ ಒಂದು ಮೂಲೆಯಿಂದ, ತ್ರಿಜ್ಯಕ್ಕಿಂತ 8 ಕಡಿಮೆ ಬಾಹು ಇರುವ ಚಿಕ್ಕ ಚೌಕವನ್ನು ಕತ್ತರಿಸಿ ತೆಗೆಯಿರಿ. ಉಳಿದದ್ದು ಬಡಗಿಯ ಮೂಲೆಮಟ್ಟದ ಆಕಾರದಲ್ಲಿರುತ್ತದೆ. ಪೈಥಾಗೊರಸ್ ಪ್ರಕಾರ ಅದರ ವಿಸ್ತೀರ್ಣ 144 ಆಗಲೇಬೇಕು. ಅದರ ಪಟ್ಟಿಯ ಅಗಲ ಎಲ್ಲ ಕಡೆ 8. ಅದನ್ನು ಎರಡು ಪಟ್ಟಿಯಾಗಿ ಕತ್ತರಿಸಿ ಉದ್ದಕ್ಕೆ ಜೋಡಿಸಿದರೆ ಒಂದು ಆಯತ ಆಗುತ್ತದೆ. ಅಗಲ 8, ವಿಸ್ತೀರ್ಣ 144. ಹಾಗಾದರೆ ಉದ್ದ 144 ÷ 8 = 18. ಈ ಉದ್ದ ಅಂದ್ರೆ ದೊಡ್ಡ ಚೌಕದ ಬಾಹು ಮತ್ತು ಚಿಕ್ಕ ಚೌಕದ ಬಾಹು ಎರಡರ ಮೊತ್ತ. ಅವುಗಳ ವ್ಯತ್ಯಾಸ 8 ಎಂದು ಮೊದಲೇ ಗೊತ್ತು. ಮೊತ್ತ 18, ವ್ಯತ್ಯಾಸ 8 ಇರುವ ಜೋಡಿ ಒಂದೇ: 13 ಮತ್ತು 5. ಬೇರೆ ಇಲ್ಲ. ಪ್ರಶ್ನೆ ಕೇಳಿದವನೇ ಎದ್ದು ಬೋರ್ಡಿನ ಮೇಲೆ 13 ಎಂದು ಬರೆದ.

ಇದರಿಂದ ನಮಗೆ ಒಂದು ಸುಲಭ ಸೂತ್ರವೂ ಸಿಕ್ಕಿತು. ಗುಂಡಿಯ ಅರ್ಧ ಅಗಲದ ವರ್ಗವನ್ನು ಆಳದಿಂದ ಭಾಗಿಸಿ. ಅದಕ್ಕೆ ಆಳವನ್ನು ಕೂಡಿ. ಬಂದದ್ದು ಚೆಂಡಿನ ವ್ಯಾಸ. ಇಲ್ಲಿ 18 + 8 = 26, ಅದರ ಅರ್ಧ 13. ಇನ್ನೊಂದು ಮಜಾ ಏನೆಂದರೆ, ಆ 18 ಅಂದ್ರೆ ನೀರಿನ ಮೇಲೆ ಕಾಣುತ್ತಿದ್ದ ಚೆಂಡಿನ ಎತ್ತರ! ಮೇಲೆ 18, ಕೆಳಗೆ 8, ಗುಣಿಸಿದರೆ 144. ಈ ನಿಯಮವನ್ನು ಆರ್ಯಭಟ ಕ್ರಿ.ಶ. 499ರಲ್ಲೇ ತನ್ನ ಆರ್ಯಭಟೀಯದಲ್ಲಿ ಹೇಳಿದ್ದಾನೆ. ವೃತ್ತದ ತುಂಡು ಬಿಲ್ಲಿನ ಹಾಗೆ ಇರುವುದರಿಂದ ಆ ಎತ್ತರಗಳಿಗೆ ಶರ, ಅಂದರೆ ಬಾಣ, ಎಂದು ಹೆಸರು.

ಇದು ನಿಜವೋ ಸುಳ್ಳೋ ನೋಡೇಬಿಡೋಣ ಎಂದು ನಾವು ಆಟದ ಮೈದಾನಕ್ಕೆ ಹೋದೆವು. ಮಂಜುಗಡ್ಡೆ ಎಲ್ಲಿಂದ ತರೋದು? ನಲ್ಲಿಯ ಹತ್ತಿರದ ಹಸಿಮಣ್ಣನ್ನು ಸಮ ಮಾಡಿ, ಗುಂಡು ಎಸೆತದ 4 ಕಿಲೋ ಕಬ್ಬಿಣದ ಗುಂಡನ್ನು ನೇರವಾಗಿ ಒತ್ತಿ ತೆಗೆದೆವು. ಎಸೆಯಬಾರದು, ಎಸೆದರೆ ಗುಂಡಿ ಓರೆಯಾಗುತ್ತೆ. ಗುಂಡಿಯ ಬಾಯಿಗೆ ಅಡ್ಡಲಾಗಿ ಸ್ಕೇಲು ಇಟ್ಟು, ಪೊರಕೆ ಕಡ್ಡಿ ಇಳಿಸಿ ಆಳ ಅಳೆದೆವು. ಅಗಲ 8 ಸೆಂ.ಮೀ., ಆಳ 2 ಸೆಂ.ಮೀ. ಬಂತು. ಅರ್ಧ ಅಗಲ 4, ಅದರ ವರ್ಗ 16, 2ರಿಂದ ಭಾಗಿಸಿದರೆ 8, ಆಳ 2 ಕೂಡಿದರೆ 10. ಆಮೇಲೆ ಗುಂಡನ್ನು ಎರಡು ಡಸ್ಟರ್ ನಡುವೆ ಇಟ್ಟು ಅಳೆದೆವು. 10ಕ್ಕೆ ಒಂದೇ ಒಂದು ಸಣ್ಣ ಗೆರೆ ಕಡಿಮೆ! ಆ ಗೆರೆ ಮಣ್ಣಿನದೋ ಕಡ್ಡಿಯದೋ ಇರಬೇಕು.

ವಸ್ತು ಕಣ್ಮುಂದೆ ಇಲ್ಲದಿದ್ದರೂ ಅದು ಬಿಟ್ಟುಹೋದ ಗುರುತಿನಿಂದ ಅದರ ಅಳತೆ ಹೇಳಬಹುದು ಎಂದು ಇದರಿಂದ ತಿಳಿಯಿತು. ಒಡೆದ ಮಡಕೆಯ ಬಾಯಿಯ ಒಂದು ಚೂರು, ಮುರಿದ ಗಾಡಿಚಕ್ರದ ಒಂದು ತುಂಡು ಸಿಕ್ಕಿದರೂ ಇದೇ ಸೂತ್ರ ಸಾಕು. ನಿಂಬೆಹಣ್ಣು ತಂದವಳು ಮತ್ತು ಒಪ್ಪದೆ ಕೂತವನು ಇಲ್ಲದಿದ್ದರೆ ನಾವು ಇನ್ನೂ 8, 12 ಅಂತ ಕೂಗುತ್ತಲೇ ಇರುತ್ತಿದ್ದೆವು.

ಈಗ ನಿಮಗೆ ಒಂದು ಲೆಕ್ಕ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ ಲೀಲಾವತಿಯಲ್ಲಿ ಇದು ಇದೆ. ಕೆರೆಯಲ್ಲಿ ಒಂದು ತಾವರೆ ಮೊಗ್ಗು ನೀರಿನಿಂದ ಒಂದು ಗೇಣು ಮೇಲೆ ನಿಂತಿತ್ತು. ಗಾಳಿಗೆ ಬಾಗಿ, ಮೊದಲಿದ್ದ ಜಾಗದಿಂದ ನಾಲ್ಕು ಗೇಣು ದೂರದಲ್ಲಿ ನೀರಿನಲ್ಲಿ ಮುಳುಗಿತು. ಕೆರೆಯ ಆಳ ಎಷ್ಟು? ಸುಳಿವು: ಬೇರು ಕೇಂದ್ರ, ದಂಟು ತ್ರಿಜ್ಯ.

ಉತ್ತರವನ್ನು ಚೀಟಿಯಲ್ಲಿ ಬರೆದು ಈ ಪತ್ರಿಕೆಯ ಕೆಳಗಿರುವ ಡಬ್ಬಿಗೆ ಹಾಕಿ. ಯಾಕೆ ಎಂಬುದನ್ನೂ ಬರೆಯಲು ಮರೆಯಬೇಡಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

– 7ನೇ ತರಗತಿ